ಚಾವಡಿಯಲ್ಲಿ ಆಡಿದ ಮಾತು

ನಾನು ಪುಕ್ಕಲಿ. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ ನನ್ನ ಕೈ ಮೊದಲು ಎದೆಗೆ ಹೋಗುತ್ತದೆ, ಆಮೇಲೆ ಚಿಲಕಕ್ಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಹುಡುಗರನ್ನು ಗದರಿಸುವುದರಲ್ಲಿ ಹೆಸರು ಮಾಡಿ ನಿವೃತ್ತಳಾದವಳು ಹೀಗೆಂದರೆ ನನ್ನ ಶಿಷ್ಯರು ನಗುತ್ತಾರೆ. ನಗಲಿ. ಈ ಹೆದರಿಕೆಯ ಬೇರು ಇದ್ದದ್ದು ಕಾಪುವಿನ ಪೇಟೆಯಿಂದ ಒಂದು ಮೈಲಿ ಒಳಗೆ, ಗದ್ದೆಗಳ ಅಂಚಿನಲ್ಲಿದ್ದ ನಮ್ಮ ಮನೆಯ ಚಾವಡಿಯಲ್ಲಿ. ಅಂಗಳದಿಂದ ಮೂರು ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿ ದಾಟಿದರೆ ಚಾವಡಿ. ಹಲಸಿನ ಮರದ ನಾಲ್ಕು ಕಂಬ, ಗೋಡೆಗೆ ತಾಗಿಸಿದ ಉದ್ದದ ಬೆಂಚು, ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಕೂರುತ್ತಿದ್ದ ಕೈಯಿರುವ ಕುರ್ಚಿ. ಬಡಗು ಬದಿಯಲ್ಲಿ ಮರದ ಸರಳಿನ ಬಾಗಿಲಿನ ಒಂದು ಕೋಣೆ. ಅದು ಮನೆಯ ದೈವದ್ದು. ಒಳಗೆ ಸರಪಣಿಯಲ್ಲಿ ತೂಗುಹಾಕಿದ ಸಣ್ಣ ಮಂಚ, ಅದರ ಮೇಲೆ ಕೆಂಪು ಬಟ್ಟೆ ಹೊದಿಸಿದ ಹಿತ್ತಾಳೆಯ ಮುಖ, ಒಂದು ಕತ್ತಿ, ಒಂದು ಗಂಟೆ. ಗಾಳಿ ಇಲ್ಲದ ಹೊತ್ತಿನಲ್ಲೂ ಆ ಮಂಚ ಅಲ್ಲಾಡುವುದನ್ನು ನಾನು ಕಂಡಿದ್ದೇನೆ. ಕಂಡಿರಲಾರೆ ಎಂದು ಈಗ ಬುದ್ಧಿ ಹೇಳುತ್ತದೆ. ಆದರೆ ಬುದ್ಧಿ ಆಗ ಆ ಮನೆಯಲ್ಲಿ ಇರಲಿಲ್ಲ, ನಾನಿದ್ದೆ.

ಚಾವಡಿಯಲ್ಲಿ ಕಾಲು ಚಾಚಿ ಕೂರಬಾರದು, ಆ ಬಾಗಿಲಿಗೆ ಬೆನ್ನು ಹಾಕಬಾರದು, ಶಿಳ್ಳೆ ಹೊಡೆಯಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಅಲ್ಲಿ ನಿಂತು ಸುಳ್ಳು ಹೇಳಬಾರದು. ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ದನದ ಹಟ್ಟಿಯಲ್ಲಿ ಹೇಳಿದ ಸುಳ್ಳುಗಳಿಗೆ ಅಜ್ಜಿಯ ಕೈಯಿಂದ ಒಂದು ಗುದ್ದು, ಅಷ್ಟೆ; ಅಜ್ಜಿ ಸ್ವತಃ ಮೀನು ಮಾರುವವಳೊಡನೆ ದಿನಕ್ಕೆ ನಾಲ್ಕು ಸುಳ್ಳು ಹೇಳುತ್ತಿದ್ದಳು. ಆದರೆ ಚಾವಡಿಯಲ್ಲಿ ಆಡಿದ ಮಾತು ದೈವ ಕೇಳಿದ ಮಾತು. ಊರಿನ ಜಗಳಗಳು ಅಲ್ಲಿಗೆ ಬರುತ್ತಿದ್ದವು. ಬೇಲಿಯ ತಕರಾರು, ಬಾವಿಯ ತಕರಾರು, ಕಳೆದುಹೋದ ಕರುವಿನ ತಕರಾರು. "ಇಲ್ಲಿ ನಿಂತು ಹೇಳು" ಎಂದು ಮಾವ ಹೇಳಿದರೆ ಗಟ್ಟಿಗರೂ ಮಾತು ನುಂಗುತ್ತಿದ್ದರು. ಅಜ್ಜಿಯ ಕಾಲದಲ್ಲಿ ಅದೇ ಮನೆಯ ಒಬ್ಬ ಹಿರಿಯರು ಗದ್ದೆಯ ಗಡಿಯ ವಿಷಯದಲ್ಲಿ ಅಲ್ಲಿ ನಿಂತು ಸುಳ್ಳು ಹೇಳಿದರಂತೆ. ಮರುದಿನ ಬೆಳಗ್ಗೆ ಗಂಜಿ ಕುಡಿಯುವಾಗ ತಿಳಿ ಬಾಯಿಯ ಒಂದು ಮೂಲೆಯಿಂದ ಹೊರಗೆ ಹರಿಯಿತಂತೆ. ಬಾಯಿ ಸೊಟ್ಟಗಾಗಿತ್ತು, ಸಾಯುವ ತನಕ ಹಾಗೆಯೇ ಇತ್ತು. ಈ ಕಥೆಯನ್ನು ಅಜ್ಜಿ ನನಗೆ ಗಂಜಿ ಉಣ್ಣಿಸುವಾಗಲೇ ಹೇಳುತ್ತಿದ್ದಳು. ಬೇಗ ನುಂಗಲಿ ಎಂದು ಹೇಳುತ್ತಿದ್ದಳೋ ಏನೋ, ನಾನು ಪ್ರತಿ ತುತ್ತಿಗೂ ಬಾಯಿಯ ಮೂಲೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಮ್ಮದು ಅಳಿಯಸಂತಾನದ ಮನೆ. ಮನೆ ತಾಯಿಯಿಂದ ಮಗಳಿಗೆ ಹೋಗುವುದು, ಅದರ ಯಜಮಾನಿಕೆ ತಾಯಿಯ ಅಣ್ಣನದು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಜ್ಜಿಗೆ ಒಬ್ಬಳೇ ಮಗಳು, ನನ್ನ ಅಮ್ಮ. ಅಮ್ಮನಿಗೆ ಒಬ್ಬಳೇ ಮಗಳು, ನಾನು. ದೈವದ ಕೋಣೆಗೆ ದೀಪ ಇಡಲು ಮನೆಯ ಹೆಣ್ಣು ಬೇಕು ಎಂದು ಅಮ್ಮ ಮದುವೆಯಾದ ಮೇಲೂ ಅಲ್ಲಿಯೇ ಉಳಿದಳು. ಅಪ್ಪ ಕಾರ್ಕಳದ ಕಡೆಯವರು, ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್. ಬನ್ನಂಜೆಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ವಾರಕ್ಕೊಮ್ಮೆ ರಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದರು. ಬಂದವರು ನೇರ ಒಳಗೆ ಬರುವವರಲ್ಲ. ಜಗಲಿಯ ತುದಿಯಲ್ಲಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೂರುತ್ತಿದ್ದರು. ಅಮ್ಮ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಕಂಚಿನ ಚೊಂಬಿನಲ್ಲಿ ನೀರು ತಂದಿಡುತ್ತಿದ್ದಳು. ಮಾವ ಕುರ್ಚಿಯಿಂದಲೇ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು:

"ಬನ್ನಿ ಭಾವ. ಬಿಸಿಲಲ್ಲಿ ಬಂದದ್ದು. ಮೊದಲು ನೀರು ಕುಡಿಯಿರಿ."

ಆ ಬೆಲ್ಲದ ಮೇಲೆ ನನಗೆ ಬಹಳ ಆಸೆ. ಒಮ್ಮೆ ನಾನೂ ಶಾಲೆಯಿಂದ ಬಂದು ಅಪ್ಪನ ಹಾಗೆ ಜಗಲಿಯ ತುದಿಯಲ್ಲಿ ಕೂತು "ಬಿಸಿಲಲ್ಲಿ ಬಂದದ್ದು" ಎಂದೆ. ಅಜ್ಜಿ ಬಾಗಿಲಲ್ಲಿ ನಿಂತು ನಕ್ಕಳು.

"ಮನೆಯವರಿಗೆ ಬೆಲ್ಲ ನೀರು ಎಂತಕ್ಕೆ ಹೆಣ್ಣೇ? ನೀನೇನು ನೆಂಟಳಾ? ಬಾವಿ ಅಲ್ಲಿ ಉಂಟು, ಸೇದಿ ಕುಡಿ."

ಊಟದಲ್ಲೂ ಹಾಗೆಯೇ. ಅಪ್ಪನಿಗೆ ಚಾವಡಿಯಲ್ಲಿ ಬಾಳೆ ಎಲೆ, ನಮಗೆ ಅಡುಗೆಮನೆಯಲ್ಲಿ ಬಟ್ಟಲು. ನನ್ನದು ಅಂಚು ತಗ್ಗಿದ ಒಂದು ಕಂಚಿನ ಬಟ್ಟಲು. ನನಗೆ ಮೊದಲ ಅನ್ನ ಉಣ್ಣಿಸಿದ್ದು ಅದರಲ್ಲಿ. ಎಲೆಯಲ್ಲಿ ಉಣ್ಣುವವರು ಎದ್ದು ಹೋಗುತ್ತಾರೆ, ಬಟ್ಟಲಲ್ಲಿ ಉಣ್ಣುವವರು ಇರುತ್ತಾರೆ. ಮಗುವಿಗೆ ಅಷ್ಟು ತಿಳಿದರೆ ಸಾಕಿತ್ತು. ನಾನು ಎಲೆಯನ್ನೂ ಬೆಲ್ಲವನ್ನೂ ದೂರದಿಂದ ನೋಡಿಕೊಂಡು ಬೆಳೆದೆ.

ಮಾವನನ್ನು ಕಂಡರೆ ಇಡೀ ಮನೆಗೆ ಹೆದರಿಕೆ. ಅವರು ಮದುವೆಯಾಗಿರಲಿಲ್ಲ. ನನ್ನನ್ನು ಹೊಡೆದದ್ದು ನೆನಪಿಲ್ಲ, ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಆದರೆ ನನಗೆ ಓದಲು ಕಲಿಸಿದವರು ಅವರೇ. ಅಂಚೆಯಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಪೇಪರನ್ನು ತೊಡೆಯ ಮೇಲೆ ಹರಡಿ, ನನ್ನನ್ನು ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು, ದಪ್ಪ ಅಕ್ಷರದ ಸುದ್ದಿಗಳನ್ನು ಓದಿಸುತ್ತಿದ್ದರು. ತಪ್ಪಿದರೆ ಮಾತಿಲ್ಲ, ಬೆರಳು ಅದೇ ಅಕ್ಷರದ ಮೇಲೆ ನಿಂತಿರುತ್ತಿತ್ತು. ಸರಿ ಓದುವ ತನಕ ಆ ಬೆರಳು ಕದಲುತ್ತಿರಲಿಲ್ಲ. ಹೀಗೆ ಹೆದರಿ ಹೆದರಿಯೇ ನಾನು ಓದಿನಲ್ಲಿ ಮುಂದೆ ಬಂದೆ. ಹತ್ತಿರದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂತ ವರ್ಷ ನನ್ನ ನಂಬರು ಪೇಪರಿನ ಮೊದಲ ದರ್ಜೆಯ ಸಾಲಿನಲ್ಲಿತ್ತು. ಮಾವ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಾಪುವಿನ ಪೇಟೆಗೆ ಹೋದರು. ಪೇಟೆಯಲ್ಲಿ ಅವರಿಗೆ ಆ ದಿನ ಯಾವ ಕೆಲಸವೂ ಇರಲಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು.

ಮುಂದೇನು ಎನ್ನುವುದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಹೊರಗಿನವರಿಗೆ ನಮ್ಮದು ದೊಡ್ಡ ಮನೆ. ಕಂಬ ನೋಡಿದರೆ ಕೈಮುಗಿಯಬೇಕು. ಅಟ್ಟ ಹತ್ತಿದವರಿಗೆ ಮಾತ್ರ ಗೊತ್ತು. ಒಂದು ಕಾಲದಲ್ಲಿ ಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಗಳು ಗೋಡೆಯಿಂದ ಗೋಡೆಗೆ ತುಂಬಿರುತ್ತಿದ್ದ ಅಟ್ಟದಲ್ಲಿ ಆಗ ಇದ್ದದ್ದು ಮೂಲೆಗೊಂದು ಮುಡಿ ಮತ್ತು ಇಲಿಗಳು. ಕೆಳಗಿನ ಗದ್ದೆಗೆ ಉಪ್ಪುನೀರು ನುಗ್ಗಿ ಎರಡು ವರ್ಷವಾಗಿತ್ತು, ಗೇಣಿಯ ಅಕ್ಕಿ ಬರುವ ಕಡೆಯಿಂದ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟ ಗಂಜಿಯಾಗಿ, ಗಂಜಿ ತಿಳಿಯಾಗಿತ್ತು. ಪಡುಬಿದ್ರೆಯ ಕಡೆಯಿಂದ ನನ್ನನ್ನು ಕೇಳಿಕೊಂಡು ಒಬ್ಬರು ಬಂದು ಹೋಗಿದ್ದರು. ಕಾಲೇಜು ಇಲ್ಲದಿದ್ದರೆ ಮದುವೆ, ಮೂರನೆಯ ದಾರಿ ಇರಲಿಲ್ಲ. ಆ ಮನುಷ್ಯ ನನ್ನ ಕಾಲಿನಿಂದ ತಲೆಯ ತನಕ ನೋಡಿ "ಹುಡುಗಿ ಬೆಳೆದಿದ್ದಾಳೆ" ಎಂದು ಹೇಳಿದ್ದು ನೆನಪಾದರೆ ನನಗೆ ಈಗಲೂ ಮೈ ಮುದುಡುತ್ತದೆ.

ಆಗ ಬಂದವರು ಲಾರೆನ್ಸ್ ಮಾಸ್ಟ್ರು. ಶಿರ್ವದಿಂದ ಸೈಕಲ್ಲಿನಲ್ಲಿ ಬಂದು ನಮಗೆ ಗಣಿತ ಹೇಳುತ್ತಿದ್ದವರು. ಪ್ಯಾಂಟಿನ ಕಾಲಿಗೆ ಹಾಕಿದ ಕ್ಲಿಪ್ಪನ್ನು ತೆಗೆಯದೆಯೇ ಚಾವಡಿಯ ಬೆಂಚಿನಲ್ಲಿ ಕೂತು, ಬೆಲ್ಲ ನೀರು ಮುಗಿಸಿ, ಜೇಬಿನಿಂದ ಒಂದು ಅರ್ಜಿ ತೆಗೆದರು. ಬಡವರ ಮಕ್ಕಳಿಗೆ ಕಾಲೇಜಿನ ಫೀಸು ಮತ್ತು ಪುಸ್ತಕದ ಖರ್ಚನ್ನು ಸರಕಾರ ಕೊಡುವುದಂತೆ. ನಾನು ಕಂಬದ ಹಿಂದೆ ನಿಂತಿದ್ದೆ. ಮಾವ ಅರ್ಜಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಸರಕಾರಕ್ಕೆ ಈ ಕೆಲಸ ಕೊಟ್ಟದ್ದು ಯಾರು ಮಾಸ್ಟ್ರೇ? ಶಾಲೆ ಕಟ್ಟಲಿ, ಮಾರ್ಗ ಮಾಡಲಿ, ಬೇಡ ಅನ್ನುವುದಿಲ್ಲ. ಮಗುವಿನ ಫೀಸು ಮನೆಯ ಕೆಲಸ. ಮನೆಯಿಂದ ಆದರೆ ಓದಲಿ, ಆಗದಿದ್ದರೆ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು."

"ಹಾಸಿಗೆ ಸಣ್ಣದು ಅಂತ ಹುಡುಗಿಯ ಕಾಲು ಕಡಿಯುವುದಾ ಯಜಮಾನ್ರೆ? ನೀವು ಸರಕಾರಕ್ಕೆ ಗದ್ದೆಯ ತೀರ್ವೆ ಕಟ್ಟುತ್ತೀರಿ ಅಲ್ವಾ? ಅದು ಎಲ್ಲಿಗೆ ಹೋಗ್ತದೆ ಅಂತ ಗ್ರಹಿಸಿದ್ದೀರಿ? ನಿಮ್ಮದೇ ಗದ್ದೆಯ ಹಣ ಒಂದು ಸುತ್ತು ಹೋಗಿ ನಿಮ್ಮದೇ ಮಗುವಿಗೆ ಬರುವುದು. ಇದರಲ್ಲಿ ನಾಚಿಕೆ ಎಂತದು ಮಾರಾಯ್ರೆ?"

"ನಾಚಿಕೆಯ ಮಾತಲ್ಲ. ಕೊಟ್ಟವನು ಒಂದು ದಿನ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಆ ದಿನ ಅವನು ಕೇಳಿದ್ದಕ್ಕೆ ಉತ್ತರ ಕೊಡಬೇಕು."

ಒಳಗಿನಿಂದ ಅಜ್ಜಿ, ಸರಕಾರದ ಉಪ್ಪು ತಿಂದವರನ್ನು ಯುದ್ಧಕ್ಕೆ ಕರೆದರೆ ಹೋಗಲೇಬೇಕಾಗುತ್ತದೆ, ಹೆಣ್ಣಾದರೂ ಬಿಡುವುದಿಲ್ಲವಂತೆ ಎಂದಳು. ಮಾಸ್ಟ್ರು ನಕ್ಕರು. ನನಗೆ ನಗು ಬರಲಿಲ್ಲ, ಆ ದಿನವೇ ಯಾರೋ ಬೂಟು ಹಾಕಿಕೊಂಡು ಬಂದ ಹಾಗಾಯಿತು. ಕೊನೆಗೆ ಮಾವ ಅರ್ಜಿಯನ್ನು ತೆಗೆದುಕೊಂಡು ಓದಿದರು. ಎರಡು ಸಲ ಓದಿದರು. ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ವರಮಾನ, ತಂದೆಯ ಸಹಿ.

"ಇದರಲ್ಲಿ ನಾನೆಲ್ಲಿ?"

ಮಾಸ್ಟ್ರು ಮೆಲ್ಲಗೆ ಹೇಳಿದರು. "ಪೋಷಕ ಅಂತ ನಿಮ್ಮ ಹೆಸರು ಬರೆಯಬಹುದು. ಆದರೆ ಆಗ ನಿಮ್ಮ ಗದ್ದೆ, ಮನೆ ಎಲ್ಲ ಬರೆಯಬೇಕಾಗ್ತದೆ. ಅಷ್ಟು ಆಸ್ತಿ ಇದ್ದವರಿಗೆ ಅವರು ಕೊಡುವುದಿಲ್ಲ. ಅವಳ ಅಪ್ಪ ಕಂಡಕ್ಟರ್, ಅವರ ಹೆಸರಲ್ಲಿ ಹಾಕಿದರೆ ಖಂಡಿತ ಸಿಗ್ತದೆ."

ಮಾವ ಕಾಗದವನ್ನು ಬೆಂಚಿನ ಮೇಲಿಟ್ಟು ಎದ್ದರು. ಹದಿನಾರು ವರ್ಷ ಸಾಕಿದವನಿಗೆ ಜಾಗವಿಲ್ಲದ ಕಾಗದ ತನ್ನ ಚಾವಡಿಗೆ ಬೇಡ ಎಂದರು. ಆಗ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಚಾವಡಿಯಲ್ಲಿ ಅಣ್ಣನೆದುರು ಅಮ್ಮ ಬಾಯಿಬಿಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು.

"ಅಣ್ಣ, ನನ್ನನ್ನು ಐದನೆಯ ಕ್ಲಾಸಿಗೆ ಬಿಡಿಸಿದಿರಿ. ಆಗ ಕೊಡುವವರು ಯಾರೂ ಇರಲಿಲ್ಲ, ನಾನು ಒಂದು ಮಾತು ಆಡಲಿಲ್ಲ. ಈಗ ಕೊಡುತ್ತೇವೆ ಅನ್ನುವವರು ಇದ್ದಾರೆ. ಬೇಡ ಅನ್ನುವುದು ನಾವು."

ಮಾವ ಗದ್ದೆಯ ಕಡೆಗೆ ಇಳಿದುಹೋದರು. ಮುಂದಿನ ವಾರ ಅಪ್ಪ ಬಂದಾಗ ಅಮ್ಮ ಅವರಿಂದ ಹಟ್ಟಿಯ ಹಿಂದೆ ಸಹಿ ಹಾಕಿಸಿದಳು. ಹುಲ್ಲಿನ ಬಣವೆಯ ಮರೆಯಲ್ಲಿ, ಟಿಕೆಟಿನ ಕಟ್ಟನ್ನು ಅಡಿಗೆ ಇಟ್ಟುಕೊಂಡು, ಅಪ್ಪ ತಮ್ಮ ಹೆಸರನ್ನು ಬಹಳ ಹೊತ್ತು ಬರೆದರು. ತಂದೆ ಎಂದು ಅವರು ಸಹಿ ಹಾಕಿದ್ದು ಬಹುಶಃ ಅದೇ ಮೊದಲ ಸಲ. ಆ ಕಾಗದ ಹಿಡಿದುಕೊಂಡು ಚಾವಡಿ ದಾಟಲು ನನಗೆ ಧೈರ್ಯ ಬರಲಿಲ್ಲ. ಮನೆಯ ಹಿಂದಿನಿಂದ ಸುತ್ತು ಹಾಕಿ, ಮುಳ್ಳಿನ ಬೇಲಿ ನುಸುಳಿ, ಓಡಿಹೋಗಿ ಮಾಸ್ಟ್ರಿಗೆ ಕೊಟ್ಟೆ. ಲಂಗ ಹರಿದಿತ್ತು. ಅಜ್ಜಿ ಕೇಳಿದಾಗ ದನ ಅಟ್ಟಿಸಿಕೊಂಡು ಬಂತು ಎಂದು ಬಾವಿಕಟ್ಟೆಯಲ್ಲಿ ನಿಂತು ಹೇಳಿದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಮಾವ ಕೆಮ್ಮಿದರೆ ಗೊತ್ತಾಗಿದೆ ಎಂದುಕೊಳ್ಳುವೆ, ಸುಮ್ಮನಿದ್ದರೆ ಖಂಡಿತ ಗೊತ್ತಾಗಿದೆ ಎಂದುಕೊಳ್ಳುವೆ. ಅರ್ಜಿ ಕಳೆದುಹೋಗಲಿ ಎಂದು ಒಂದು ದಿನ ಬೇಡಿಕೊಂಡರೆ, ಮರುದಿನ ಹಾಗೆ ಬೇಡಿಕೊಂಡದ್ದಕ್ಕೆ ಕ್ಷಮೆ ಕೇಳುತ್ತಿದ್ದೆ. ಒಂದು ಬೆಳಗ್ಗೆ ಗ್ರಾಮದ ಉಗ್ರಾಣಿ, ಅಂದರೆ ಸರಕಾರದ ಕರೆ ತರುವ ಆಳು, ಅಂಗಳದಲ್ಲಿ ನಿಂತು ಮಾವನನ್ನೇ ಕರೆದು ಹೇಳಿದ.

"ನಾಡಿದ್ದು ರೆವಿನ್ಯೂ ಸಾಹೇಬರು ಬರುತ್ತಾರೆ ಧಣಿ. ನಿಮ್ಮ ಹುಡುಗಿಯ ಸ್ಕಾಲರ್‌ಶಿಪ್ಪಿನ ತನಿಖೆ ಅಂತೆ. ಯಜಮಾನರು ಮನೆಯಲ್ಲಿರಬೇಕಂತೆ."

ನಾನು ತುಳಸಿಕಟ್ಟೆಯ ಹತ್ತಿರ ಹೂ ಕೊಯ್ಯುತ್ತಿದ್ದೆ. ಮಾವ ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎರಡು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾವ ಮೂರು ಹೊತ್ತೂ ದೈವದ ಬಾಗಿಲೆದುರು ಹೋಗಿ ನಿಲ್ಲುವರು, ಕೈ ಮುಗಿಯುವುದಿಲ್ಲ, ಸುಮ್ಮನೆ ನಿಂತು ಬರುವರು. ನನಗೆ ಜ್ವರವೇ ಬಂತು. ಅಜ್ಜಿ ಕೆಂಪು ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು.

ಬಂದ ಸಾಹೇಬರು ಘಟ್ಟದ ಮೇಲಿನವರು, ಚಿಕ್ಕ ವಯಸ್ಸಿನವರು. ನಮ್ಮ ಜಿಲ್ಲೆಗೆ ಹೊಸಬರು ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಜೊತೆಗೆ ಲಾರೆನ್ಸ್ ಮಾಸ್ಟ್ರೂ ಬಂದಿದ್ದರು. ಬೆಲ್ಲ ನೀರು ಆಯಿತು. ಸಾಹೇಬರು ಕಂಬಗಳನ್ನು ನೋಡಿದರು, ತಲೆಯೆತ್ತಿ ಮಾಡಿನ ಕೆತ್ತನೆ ನೋಡಿದರು, ಕಾಗದ ಬಿಡಿಸಿದರು.

"ಈ ಹುಡುಗಿ ನಿಮಗೇನಾಗಬೇಕು ಯಜಮಾನರೇ?"

"ತಂಗಿಯ ಮಗಳು."

"ಇವಳ ತಂದೆ ಇಲ್ಲಿರಲ್ವಾ?"

"ಅವರು ಉಡುಪಿಯಲ್ಲಿ."

"ಹಾಗಾದ್ರೆ ಇವಳ ಊಟ, ಬಟ್ಟೆ, ಶಾಲೆ ಖರ್ಚು ಯಾರು ನೋಡ್ಕೊಳ್ತಿರೋದು?"

ಮಾವ ದೈವದ ಬಾಗಿಲಿನ ಕಡೆಗೆ ನೋಡಿದರು. ಸಾಹೇಬರು ಕೆಟ್ಟವರಲ್ಲ. ಪೆನ್ನಿನ ಮುಚ್ಚಳ ತೆಗೆದು, ದನಿ ತಗ್ಗಿಸಿ ಹೇಳಿದರು.

"ನೋಡಿ, ನೀವು ಸಾಕ್ತಿದೀರ ಅಂದ್ರೆ ನಾನು ಹಾಗೇ ಬರೀಬೇಕಾಗುತ್ತೆ, ಅರ್ಜಿ ಹೋಯ್ತು. ತಂದೇನೇ ನೋಡ್ಕೊಳ್ಳೋದು, ಈ ಮನೆಗೂ ಹುಡುಗೀಗೂ ಸಂಬಂಧ ಇಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಮುಗೀತು. ಒಂದು ಮಾತು ತಾನೇ."

ಅವರಿಗೆ ಗೊತ್ತಿರಲಿಲ್ಲ. ಘಟ್ಟದ ಮೇಲೆ ಮಗು ತಂದೆಯದು. ಅಲ್ಲಿ ಅದು ಒಂದು ಮಾತು ತಾನೇ. ನಮ್ಮಲ್ಲಿ ನಾನು ಆ ಮನೆಗೆ ಸೇರಿದವಳಲ್ಲ ಎಂದರೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ದಾರವನ್ನು ಕತ್ತರಿಸಿದ ಹಾಗೆ. ಅದನ್ನು ಕತ್ತರಿಸಬೇಕಾದವರು ಯಜಮಾನರು, ಅದೂ ದೈವದ ಬಾಗಿಲೆದುರು. ಲಾರೆನ್ಸ್ ಮಾಸ್ಟ್ರಿಗೆ ಇದು ಗೊತ್ತಿತ್ತು. ಅವರು ಕ್ರೈಸ್ತರು, ಇಗರ್ಜಿಗೆ ಹೋಗುವವರಾದರೂ ಹುಟ್ಟಿದ್ದು ನಮ್ಮ ಊರುಗಳ ನಡುವೆ. ಎದ್ದು ಮಾವನ ಕಿವಿಯ ಹತ್ತಿರ ಬಗ್ಗಿದರು. ನಾನು ಅದೇ ಕಂಬದ ಹಿಂದೆ ಇದ್ದೆ, ಕೇಳಿಸಿತು.

"ಅಂಗಳಕ್ಕೆ ಇಳಿಯುವ ಯಜಮಾನ್ರೆ. ಅಲ್ಲಿ ಹೇಳಿ. ಅಲ್ಲಿ ಹೇಳಿದ್ದಕ್ಕೆ ದೋಷ ಇಲ್ಲ."

ಮಾವ ಅವರ ಮುಖ ನೋಡಿ ನಕ್ಕರು. ಎರಡು ದಿನಗಳಲ್ಲಿ ಅದೇ ಮೊದಲ ನಗು.

"ಅಂಗಳದಲ್ಲಿ ಆಡಿದ್ದು ಒಳಗಿನವನಿಗೆ ಕೇಳುವುದಿಲ್ಲವಾ ಮಾಸ್ಟ್ರೇ? ಅವನಿಗೇನು ನನ್ನಷ್ಟು ಕಿವಿ ಮಂದವಾ?"

ಹೆಗಲ ಮೇಲಿನ ಶಾಲನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಮಾವ ಸರಳಿನ ಬಾಗಿಲಿನ ಕಡೆಗೆ ತಿರುಗಿ ನಿಂತರು. ಸಾಹೇಬರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಹೇಳಿದ್ದು ಗಟ್ಟಿಯಾಗಿಯೇ ಇತ್ತು, ಬೇಲಿಯ ತಕರಾರಿನಲ್ಲಿ ತೀರ್ಪು ಹೇಳುವ ಹಾಗೆ.

"ವಾರಿಜ ಅವಳ ತಂದೆಯ ಮಗಳು. ಅವಳನ್ನು ಸಾಕುವುದು ಅವಳ ತಂದೆ. ಈ ಮನೆಯ ಅನ್ನ ಬಟ್ಟೆಗೆ ಅವಳು ಸೇರಿದವಳಲ್ಲ."

ಅಡುಗೆಮನೆಯಲ್ಲಿ ಏನೋ ಬಿತ್ತು. ಅಜ್ಜಿ ಕೂಗಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಸಾಹೇಬರು ಬರೆದರು, ಮಾವ ಸಹಿ ಹಾಕಿದರು, ಮಾಸ್ಟ್ರು ಸಾಕ್ಷಿ ಹಾಕಿದರು. ನಾನು ಯಾರನ್ನೂ ನೋಡುತ್ತಿರಲಿಲ್ಲ, ಮಾವನ ಬಾಯಿಯನ್ನೇ ನೋಡುತ್ತಿದ್ದೆ. ಈಗ ಸೊಟ್ಟಗಾಗುತ್ತದೆ, ಈಗ ಆಗುತ್ತದೆ, ನನ್ನ ಕಾಲೇಜಿಗಾಗಿ ಆಗುತ್ತದೆ. ನನಗೆ ಕಾಲೇಜು ಬೇಡ ಎಂದು ಕೂಗಬೇಕೆಂದು ಬಾಯಿ ತೆರೆದೆ, ಕೂಗದೆ ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಆ ಹೊತ್ತಿನ ಹೆದರಿಕೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ, ಗಂಡನಿಗಾಗಿ ಆಸ್ಪತ್ರೆಯ ಹೊರಗೆ ಕಾದ ದಿನವೂ ಇಲ್ಲ.

ಅವರೆಲ್ಲ ಹೋದ ಮೇಲೆ ಮಧ್ಯಾಹ್ನದ ಊಟಕ್ಕೆ ಕೂತೆವು. ಅಜ್ಜಿ ನನ್ನ ಬಟ್ಟಲಿಗೆ ಗಂಜಿ ಬಡಿಸಲು ಸೌಟು ಎತ್ತಿದಳು. ಮಾವ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದರು. ಅವರು ಒಳಗೆ ಬಂದು, ಬಗ್ಗಿ, ಬಟ್ಟಲಿನ ಮೇಲೆ ಅಂಗೈ ಅಡ್ಡ ಇಟ್ಟರು.

"ಬೇಡ ಅಮ್ಮ. ಮಾತು ಆಡಿ ಆಯಿತು. ಇನ್ನು ಅದು ಸುಳ್ಳಾಗಬಾರದು."

ಅಜ್ಜಿ ಆ ದಿನ ಮಗನನ್ನು ಬೈದ ಹಾಗೆ ಯಾರನ್ನೂ ಬೈದದ್ದಿಲ್ಲ. ಹಸಿದ ಹೆಣ್ಣುಮಗುವಿನ ಬಟ್ಟಲಿಗೆ ಕೈ ಅಡ್ಡ ಇಟ್ಟವನು ನೀನು, ನಿನಗೆ ಸರಕಾರ ದೊಡ್ಡದಾಯಿತಾ, ಎಂದಳು. ಫೀಸು ಕೊಡುವ ತಾಕತ್ತು ತನಗಿದ್ದಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ ಎಂದು ಮಾವ ಹೇಳಿದರು. ಅಮ್ಮ ಅಳುತ್ತಾ ನನ್ನ ಎರಡು ಲಂಗ, ಒಂದು ಹೊದಿಕೆಯನ್ನು ಟ್ರಂಕಿಗೆ ತುಂಬಿದಳು. ಬಟ್ಟಲನ್ನೂ ಇಡಹೋದಳು, ಮಾವ ತಲೆಯಾಡಿಸಿದರು. ಅದು ಮನೆಯದು. ಆ ದಿನ ಸಂಜೆಯ ಬಸ್ಸಿಗೆ ಮಾವನೇ ಟ್ರಂಕು ಹೊತ್ತು ಗದ್ದೆಯ ಬದುವಿನಲ್ಲಿ ಮುಂದೆ ನಡೆದರು, ನಾನು ಹಿಂದೆ. ಊರಿನ ಯಜಮಾನರು ತಲೆಯ ಮೇಲೆ ಟ್ರಂಕು ಹೊತ್ತದ್ದನ್ನು ನೋಡಿ ನಾಟಿಯ ಹೆಂಗಸರು ನಿಂತುಬಿಟ್ಟರು. ಬಸ್ಸು ಹೊರಟಾಗ ಅವರು ತಿರುಗಿ ನೋಡಲಿಲ್ಲ. ನನ್ನನ್ನು ಮನೆಯಿಂದ ಓಡಿಸಿದರು ಎಂದೇ ನಾನು ತಿ​ಳಿದುಕೊಂಡೆ. ಕದ್ದು ಸಹಿ ಹಾಕಿಸಿದ್ದಕ್ಕೆ ಕೊಟ್ಟ ಶಿಕ್ಷೆ ಇದು ಎಂದುಕೊಂಡೆ.

ಬನ್ನಂಜೆಯ ಕೋಣೆಯಲ್ಲಿ ಅಪ್ಪನಿಗೆ ನನ್ನನ್ನು ಕಂಡರೆ ಹೆದರಿಕೆ, ನನಗೆ ಅಪ್ಪನನ್ನು ಕಂಡರೆ ಹೆದರಿಕೆ. ವಾರಕ್ಕೊಮ್ಮೆ ಎಲೆಯಲ್ಲಿ ಉಂಡು ಹೋಗುತ್ತಿದ್ದವರ ಜೊತೆ ಒಂದೇ ಗೋಡೆಯೊಳಗೆ ಏನು ಮಾತಾಡುವುದು? ಮೊದಲ ದಿನ ಅವರು ಗಂಜಿ ಮಾಡಿ ಸೀಯಿಸಿದರು. ನಾನು ಸೀದದ್ದನ್ನು ಚೆನ್ನಾಗಿದೆ ಎಂದೆ. "ಸುಳ್ಳು ಹೇಳಬೇಡ" ಎಂದು ಅಪ್ಪ ನಕ್ಕಾಗ ನನ್ನ ಕೈ ಬಾಯಿಯ ಮೂಲೆಗೆ ಹೋಯಿತು, ಆಮೇಲೆ ಅದು ಚಾವಡಿಯಲ್ಲ ಎಂದು ನೆನಪಾಯಿತು. ಕಾಲೇಜು ಸೇರಿದೆ, ಮಂಜೂರಾದ ಕಾಗದ ಬರಲು ತಿಂಗಳುಗಳು ಹಿಡಿದವು. ಅಲ್ಲಿಯ ತನಕ ಫೀಸಿಗೆ ಪ್ರಿನ್ಸಿಪಾಲರು ತಾಳ್ಮೆ ತೋರಿಸಿದರು. ಯಾರಾದರೂ ಬಾಗಿಲು ತಟ್ಟಿದರೆ ಸಾಹೇಬರು ಮತ್ತೆ ತನಿಖೆಗೆ ಬಂದರು ಎಂದು ಮೂಲೆಗೆ ಸೇರುತ್ತಿದ್ದೆ. ಆ ಅಭ್ಯಾಸವೇ ಈಗಲೂ ಉಳಿದಿರುವುದು.

ಮಕ್ಕಳ ಓದಿಗೆ ಸರಕಾರ ಹಣ ಕೊಡಬೇಕೋ ಬೇಡವೋ ಎಂದು ಈಗ ಟೀವಿಯಲ್ಲಿ ಕೋಟು ಹಾಕಿಕೊಂಡವರು ಜಗಳ ಮಾಡುತ್ತಾರೆ. ಮಣಿಪಾಲದಲ್ಲಿ ಮಗನ ಮನೆಯ ಸೋಫಾದಲ್ಲಿ ಕೂತು ನಾನು ಅವರಿಗೆ ಬೈಯುತ್ತೇನೆ. ಕೊಡಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕೊಡದಿದ್ದರೆ ನಾನು ಪಡುಬಿದ್ರೆಯ ಆ ಮನುಷ್ಯನ ಮನೆಯ ಬಾವಿಯಲ್ಲಿ ನೀರು ಸೇದುತ್ತಿದ್ದೆ. ಆದರೆ ಕೊಡುವವರು ಒಂದು ಪ್ರಶ್ನೆ ಕೇಳುವ ಮೊದಲು, ಆ ಪ್ರಶ್ನೆ ಯಾರ ಮನೆಯ ಚಾವಡಿಯಲ್ಲಿ ನಿಲ್ಲುತ್ತದೆ ಎಂದು ಸ್ವಲ್ಪ ಯೋಚಿಸಲಿ. ನಾನು ಕಾಲೇಜಿನಲ್ಲಿದ್ದಷ್ಟು ವರ್ಷವೂ ಅರ್ಜಿ ಹಿಡಿದು ಬಂದ ಮಕ್ಕಳನ್ನು ಮೊದಲು ಕೂರಿಸಿ, ಊಟ ಎಲ್ಲಿ ಮಾಡುತ್ತೀ ಎಂದು ಕೇಳುತ್ತಿದ್ದೆ. ಅವರು ವಿಚಿತ್ರವಾಗಿ ನೋಡುತ್ತಿದ್ದರು.

ನಾನು ಕಾಲೇಜು ಸೇರಿದ ಆ ವರ್ಷದ ದೀಪಾವಳಿಯ ರಜೆಗೆ ಅಮ್ಮನಿಂದ ಕಾಗದ ಬಂತು, ಬಂದು ಹೋಗು ಎಂದು. ಕಾಪುವಿನಲ್ಲಿ ಇಳಿದಾಗ ನೆತ್ತಿಯ ಮೇಲೆ ಸೂರ್ಯ. ಗದ್ದೆಯ ಬದುವಿನಲ್ಲಿ ನಡೆಯುತ್ತಾ, ಮೂರು ಸಲ ತಿರುಗಿ ಹೋಗಿಬಿಡಲೇ ಎಂದು ನಿಂತೆ. ಮಾವ ಮುಖ ತಿರುಗಿಸಿದರೆ? ಅಥವಾ ಅವರು ಮುಖ ತಿರುಗಿಸದೆ, ಆ ಮುಖದಲ್ಲಿ ಸೊಟ್ಟ ಬಾಯಿ ನನಗೆ ಕಂಡರೆ? ಕಾಗದದಲ್ಲಿ ಅಮ್ಮ ಮಾವನ ಆರೋಗ್ಯದ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಮೂರು ಮೆಟ್ಟಿಲು ಹತ್ತಿದೆ. ಚಾವಡಿಗೆ ಕಾಲಿಡಲು ಆಗಲಿಲ್ಲ. ಜಗಲಿಯ ತುದಿಯಲ್ಲಿ, ಅಪ್ಪ ಕೂರುತ್ತಿದ್ದ ಜಾಗದಲ್ಲಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೂತುಬಿಟ್ಟೆ.

ಒಳಗೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ನನ್ನ ಕೈಯಿಂದ ಚೀಲ ಬಿತ್ತು. ಮಾವ ಬಂದರು. ಬಹಳ ಇಳಿದುಹೋಗಿದ್ದರು. ಅವರ ಒಂದು ಕೈಯಲ್ಲಿ ಕಂಚಿನ ಚೊಂಬು, ಇನ್ನೊಂದರಲ್ಲಿ ತಟ್ಟೆ. ಜೀವಮಾನದಲ್ಲಿ ಅವರು ತಮ್ಮ ಕೈಯಾರೆ ಯಾರಿಗೂ ನೀರು ತಂದು ಕೊಟ್ಟವರಲ್ಲ. ಚೊಂಬಿನ ನೀರು ತುಳುಕಿ ಅವರ ಪಾದದ ಮೇಲೆ ಬೀಳುತ್ತಿತ್ತು. ಎರಡನ್ನೂ ನನ್ನ ಪಕ್ಕದಲ್ಲಿಟ್ಟು, ಕುರ್ಚಿಗೆ ಹೋಗದೆ, ಕಂಬಕ್ಕೆ ಒರಗಿ ನಿಂತರು.

"ಬಾ ವಾರಿಜ. ಬಿಸಿಲಲ್ಲಿ ಬಂದದ್ದು. ಮೊದಲು ನೀರು ಕುಡಿ."

ನಾನು ತಲೆಯೆತ್ತಿ ಅವರ ಬಾಯಿಯನ್ನು ನೋಡಿದೆ. ನೆಟ್ಟಗೇ ಇತ್ತು. ಆಡಿದ ಮಾತನ್ನು ಅವರು ಒಂದು ದಿನವೂ ಸುಳ್ಳಾಗಲು ಬಿಟ್ಟಿರಲಿಲ್ಲ, ಈಗಲೂ ಬಿಡುತ್ತಿರಲಿಲ್ಲ. ಮನೆಯ ಮಗಳಿಗೆ ಇನ್ನು ಆ ಮನೆಯಲ್ಲಿ ಅನ್ನವಿರಲಿಲ್ಲ, ಆದರೆ ನೆಂಟರಿಗೆ ಇಲ್ಲ ಎಂದು ಅವರು ದೈವಕ್ಕೆ ಹೇಳಿರಲಿಲ್ಲ. ಇಷ್ಟು ತಿಂಗಳು ಆ ಕುರ್ಚಿಯಲ್ಲಿ ಕೂತು ಅವರು ಹುಡುಕಿಕೊಂಡ ದಾರಿ ಅದೊಂದೇ ಎಂದು ನನಗೆ ಆಗ ತಿಳಿಯಿತು. ಚಿಕ್ಕಂದಿನಿಂದ ಆಸೆಪಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಕಣ್ಣೀರು ಬಂದದ್ದು ಅವರಿಗೆ ಕಾಣಬಾರದೆಂದು ಚೊಂಬನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದು ಕುಡಿದೆ. ಒಳಗಿನಿಂದ, ಹಿತ್ತಿಲಿಗೆ ಹೋಗಿ ಒಂದು ಬಾಳೆ ಎಲೆ ಕೊಯ್ದು ತಾ ಎಂದು ಅಜ್ಜಿ ಅಮ್ಮನಿಗೆ ಹೇಳುತ್ತಿರುವುದು ಕೇಳಿಸಿತು.